ಪಟ್ಟಿಯಲ್ಲಿಲ್ಲದ ಹೆಸರು

ಅಕ್ಟೋಬರ್ 9
ಹಡಗಿನಿಂದ

ಡ್ಯಾಡಿ,

ಫೋನಿಗೆ ಸಾಲು ನಿಲ್ಲೋದನ್ನ ಬಿಟ್ಟುಬಿಟ್ಟೆ. ಒಂದು ಗಂಟೆ ನಿಂತ್ರೆ ಐದು ನಿಮಿಷ ಸಿಗುತ್ತೆ. ಆ ಐದು ನಿಮಿಷದಲ್ಲಿ ನೀನು ನಾಲ್ಕು ಸಲ 'ಹೂಂ' ಅಂತೀಯ, ಒಂದು ಸಲ 'ಊಟ ಆಯ್ತಾ' ಅಂತೀಯ. ಕಾಗದದಲ್ಲಾದ್ರೆ ಮನುಷ್ಯರ ಹಾಗೆ ಮಾತಾಡ್ತೀಯ. ಅದಕ್ಕೇ ಕಾಗದ.

ಈ ವಾರ ಎಂಜಿನ್ ಕೋಣೆಯ ಎರಡನೇ ಪಂಪು ಕೈಕೊಟ್ಟಿತು. ನಮ್ಮ ಮೇಲಧಿಕಾರಿ ಪುಸ್ತಕ ತೆಗೆದು ಪುಟ ಹುಡುಕ್ತಾ ಕೂತಿದ್ದ. ನಾನು ಕಿವಿ ಕೊಟ್ಟು ಕೇಳಿ "ಬೇರಿಂಗ್ ಹೋಗಿದೆ" ಅಂದೆ. ಬಿಚ್ಚಿ ನೋಡಿದ್ರೆ ಅದೇ. "ಯಾವ ಕಾಲೇಜಲ್ಲಿ ಕಲಿತೆ?" ಅಂದ. "ಬೆಲ್ ಫೋರ್ಕ್‌ನಲ್ಲಿ, ನಮ್ಮಪ್ಪನ ರಿಪೇರಿ ಶೆಡ್ಡಲ್ಲಿ" ಅಂದೆ.

ಈಗ ಮುಖ್ಯ ವಿಷಯ. ಅಂಚೆಯಲ್ಲಿ ಮತಪತ್ರ ಬಂತು. ನನ್ನ ಮೇಲಿನ ಮಂಚದ ಓಹಿಯೋ ಹುಡುಗಿಗೆ ನಗುವೋ ನಗು. "ಚುನಾವಣೆ ಮುಂದಿನ ವರ್ಷ ಕಣೇ, ನಿಮ್ಮ ಮಿಸಿಸಿಪಿಯಲ್ಲಿ ಕ್ಯಾಲೆಂಡರ್ ಇಲ್ವಾ?" ಅಂತಾಳೆ. ದೇಶವೆಲ್ಲ ಸುಮ್ಮನಿರೋ ವರ್ಷದಲ್ಲೇ ನಾವು ಗವರ್ನರನ್ನ ಆರಿಸೋದು, ಆಮೇಲೆ ನಾಲ್ಕು ವರ್ಷ ಅನುಭವಿಸೋದು ಅಂತ ಹೇಳಿದೆ.

ಒಂದು ಪ್ರಶ್ನೆ. ನಾನು ಚಿಕ್ಕವಳಿದ್ದಾಗ ವೋಟಿನ ದಿನ ಅಮ್ಮ ನನ್ನನ್ನ ಮತಗಟ್ಟೆಯ ಪರದೆಯೊಳಗೆ ಕರಕೊಂಡು ಹೋಗ್ತಿದ್ದಳು, ನೀನು ಹೊರಗೆ ಟ್ರಕ್ಕಿಗೆ ಒರಗಿ ನಿಂತಿರ್ತಿದ್ದೆ. ಕೇಳಿದ್ರೆ "ನಂದು ಬೆಳಿಗ್ಗೇನೇ ಆಯ್ತು" ಅಂತಿದ್ದೆ. ಯಾರಿಗೆ ಅಂತ ಒಂದು ಸಲವೂ ಬಾಯಿ ಬಿಟ್ಟಿಲ್ಲ. ಈಗ ನಂಗೆ ಇಪ್ಪತ್ನಾಲ್ಕು. ಈ ಸಲವಾದ್ರೂ ಹೇಳು. ನಾನು ಯಾರಿಗೆ ಹಾಕಿದೆ ಅಂತ ನಾನೂ ಹೇಳ್ತೀನಿ.

ನಿನ್ನ
ಜೊನೆಲ್


ನವೆಂಬರ್ 6
ಬೆಲ್ ಫೋರ್ಕ್

ಮಗಳೇ,

ನಿನ್ನ ಕಾಗದ ಬಂತು. ಆ ಪಂಪಿಗೆ ಹೊಸ ಬೇರಿಂಗ್ ಹಾಕೋ ಮುಂಚೆ ಒಳಗೆ ತಿರುಗೋ ದಂಡ ನೆಟ್ಟಗಿದೆಯಾ ನೋಡಿಸು. ಬೇರಿಂಗ್ ತಾನಾಗಿ ಹೋಗಲ್ಲ, ಬೇರೆ ಏನೋ ಅದನ್ನ ತಿಂದಿರುತ್ತೆ.

ಮಂಗಳವಾರ ಶೆಡ್ಡಿಗೆ ಬಾಗಿಲು ಹಾಕಿದ್ದೆ. ಗಾಡಿ ಇಲ್ಲದ ಮುದುಕರನ್ನ ಟ್ರಕ್ಕಲ್ಲಿ ಮತಗಟ್ಟೆಗೆ ಸಾಗಿಸಿದೆ, ಒಟ್ಟು ಹನ್ನೊಂದು ಜನ. ಮಿಸ್ ಪರ್ಲೀನ್ ನೆನಪಿದಾರಲ್ಲ, ತೊಂಬತ್ತೊಂದು ಈಗ. ಚರ್ಚಿನ ಟೋಪಿ ಹಾಕ್ಕೊಂಡೇ ಬರ್ತೀನಿ ಅಂತ ಹಟ ಮಾಡಿ ಅರ್ಧ ಗಂಟೆ ಕಾಯಿಸಿದ್ರು. ಒಳಗೆ ಹೋದವರು ನಲವತ್ತು ನಿಮಿಷ ಬರಲೇ ಇಲ್ಲ. "ಏನಮ್ಮಾ, ಒಳಗೆ ಅಡುಗೆ ಮಾಡ್ತಿದ್ರಾ?" ಅಂದೆ. "ನಮ್ಮ ಕಪ್ಪು ಜನರನ್ನ ಬಿಡ್ತಿರಲಿಲ್ಲ, ಆ ಪರದೆಯೊಳಗೆ ಹೋಗೋಕೆ ನಂಗೆ ಐವತ್ತು ವರ್ಷ ಹಿಡೀತು ಹೊಸಿಯಾ, ಹೊರಗೆ ಬರೋಕೆ ಅವಸರ ಏನಯ್ಯಾ?" ಅಂದ್ರು. ಬರುವಾಗ ದಾರಿಯುದ್ದಕ್ಕೂ ಹಾಡಿಕೊಂಡೇ ಬಂದ್ರು.

ಗವರ್ನರ್ ಬದಲಾದರು. ನಮ್ಮ ಶಾಸಕ ಪರ್ವಿಸ್ ಮತ್ತೆ ಅವರೇ, ಎದುರು ಯಾರೂ ನಿಂತಿರಲಿಲ್ಲ. ಇಲ್ಲಿ ಚಳಿ ಶುರುವಾಯ್ತು. ನಿನ್ನ ಅಮ್ಮನ ಗುಲಾಬಿ ಗಿಡಕ್ಕೆ ಹುಲ್ಲು ಮುಚ್ಚಿದೀನಿ.

ಡ್ಯಾಡಿ


ನವೆಂಬರ್ 30
ಹಡಗಿನಿಂದ

ಡ್ಯಾಡಿ,

ದಂಡ ಡೊಂಕಾಗಿತ್ತು! ನೀನು ಐದು ಸಾವಿರ ಮೈಲಿ ಆಚೆಯಿಂದ ಹೇಳಿದ್ದು ನಮ್ಮ ಮೇಲಿನವನ ಪುಸ್ತಕದಲ್ಲಿರಲಿಲ್ಲ.

ಆದ್ರೆ ನಿನ್ನ ಕಾಗದವನ್ನ ಎರಡು ಸಲ ಓದಿದೆ. ಹನ್ನೊಂದು ಜನರ ಸುದ್ದಿ ಇದೆ, ಟೋಪಿ ಇದೆ, ಗುಲಾಬಿ ಗಿಡ ಇದೆ. ನಿನ್ನ ವೋಟಿನ ಸುದ್ದಿ ಇಲ್ಲ. ನಂಗೊತ್ತು ಕಣೋ ಮುದುಕಪ್ಪ, ನೀನು ಹೊಸ ಗವರ್ನರಿಗೇ ಹಾಕಿದೀಯ, ನಾನು ಬೈತೀನಿ ಅಂತ ಬಾಯಿ ಮುಚ್ಕೊಂಡಿದೀಯ. ಹೋಗಲಿ ಬಿಡು, ಮನ್ನಿಸಿದೀನಿ. ನನ್ನ ವೋಟು ಸೋತವರಿಗೆ ಬಿತ್ತು. ನೋಡು, ನಾನು ಹೇಳಿದೆ. ಎಷ್ಟು ಸುಲಭ!

ಥ್ಯಾಂಕ್ಸ್‌ಗಿವಿಂಗ್ ದಿನ ಟರ್ಕಿ ಕೋಳಿ ಕೊಟ್ರು. ರಬ್ಬರ್ ತಿಂದ ಹಾಗಿತ್ತು. ಗೆಣಸಿನ ಪೈ ನೆನೆಸ್ಕೊಂಡು ಅಳು ಬಂತು, ಯಾರಿಗೂ ಹೇಳಬೇಡ.

ಜೊನೆಲ್


ಜನವರಿ 18
ಬೆಲ್ ಫೋರ್ಕ್

ಮಗಳೇ,

ಬರೆಯೋಕೆ ತಡವಾಯ್ತು. ಕಳೆದ ವಾರ ಹೊಸ ಗವರ್ನರ್ ಪ್ರಮಾಣವಚನ ತಗೊಂಡ್ರು. ತಗೊಂಡವರೇ ನಮ್ಮ ಪರ್ವಿಸ್‌ನ ಕರೆದು ಯಾವುದೋ ಇಲಾಖೆಯ ಮುಖ್ಯಸ್ಥನ ಕುರ್ಚಿ ಕೊಟ್ರು. ಆ ಪುಣ್ಯಾತ್ಮ ಗೆದ್ದು ಮೂರು ತಿಂಗಳಾಗಿಲ್ಲ, ಶಾಸಕ ಸ್ಥಾನ ಬಿಟ್ಟು ಎದ್ದುಹೋದ. ಅಧಿವೇಶನ ನಡೀತಿದೆ, ನಮ್ಮ ಕುರ್ಚಿ ಖಾಲಿ. ಮಾರ್ಚ್ 9ಕ್ಕೆ ಉಪಚುನಾವಣೆ. ರಾಯ್ಸ್ ಗ್ಯಾಂಡಿ ನಿಂತಿದಾರೆ, ಮರದ ಮಿಲ್ಲಿನವರು. ಇನ್ನೊಬ್ಬರು ನಿಮ್ಮ ಸ್ಕೂಲಿನ ಟ್ರಾಮೆಲ್ ಟೀಚರ್.

ನನ್ನ ಮೊಣಕಾಲು ಪರವಾಗಿಲ್ಲ. ಹುಲ್ಲಿನ ಪೆಂಡಿ ಕಟ್ಟೋ ಯಂತ್ರಗಳೆಲ್ಲ ಈಗಲೇ ರಿಪೇರಿಗೆ ಬಂದು ಕೂತಿವೆ, ಶೆಡ್ಡಲ್ಲಿ ಕಾಲಿಡೋಕೆ ಜಾಗ ಇಲ್ಲ.

ಡ್ಯಾಡಿ


ಫೆಬ್ರವರಿ 7
ಹಡಗಿನಿಂದ

ಡ್ಯಾಡಿ!

ಇಷ್ಟು ದೊಡ್ಡ ಸುದ್ದಿಯನ್ನ ಮೊಣಕಾಲು ನೋವಿನ ಪಕ್ಕದಲ್ಲಿ ಬರೀತಾರಾ? ಒಡೆಸ್ಸಾ ಟ್ರಾಮೆಲ್! ನನ್ನ ಮಿಸ್ ಟ್ರಾಮೆಲ್! ಹದಿನೆಂಟು ತುಂಬಿದ ದಿನ ನನ್ನ ಕೈ ಹಿಡಿದು ಕೋರ್ಟಿಗೆ ಕರಕೊಂಡು ಹೋಗಿ ಮತದಾರರ ಪಟ್ಟಿಗೆ ಹೆಸರು ಬರೆಸಿದ್ದು ಅವರೇ. ಮೂರು ವರ್ಷ ಪಾಠ ಹೇಳಿದ್ರು, ಒಂದು ದಿನ ನಕ್ಕಿದ್ದು ನೋಡಿಲ್ಲ, ಆದ್ರೆ ನಾನು ತಪ್ಪಿದಾಗ ಬಿಟ್ಟೂ ಇಲ್ಲ.

ನೀನು ಮಾಡಬೇಕಾದ ಕೆಲಸ ಕೇಳು. ಅವರ ಹೆಸರಿನ ಬೋರ್ಡು ತಂದು ನಮ್ಮ ಅಂಗಳದಲ್ಲಿ ನೆಡು, ಹೆದ್ದಾರಿಗೆ ಕಾಣೋ ಹಾಗೆ. ಶನಿವಾರ ಅವರ ಜೊತೆ ಮನೆಮನೆಗೆ ಹೋಗು. ರಿಪೇರಿಗೆ ಬರೋ ರೈತರೆಲ್ಲ ನಿನ್ನ ಮಾತು ಕೇಳ್ತಾರೆ. ಉಪಚುನಾವಣೆಯಲ್ಲಿ ಅರ್ಧ ಊರು ಮನೇಲೇ ಮಲಗಿರುತ್ತೆ, ಒಂದೊಂದು ವೋಟೂ ಬಂಗಾರ ಅಂತ ಅವರೇ ಕಲಿಸಿದ್ದು. ನನ್ನ ಮತಪತ್ರ ಆಗಲೇ ಅಂಚೆಗೆ ಹಾಕಿದೆ.

ಬೋರ್ಡಿನ ಫೋಟೋ ಕಳಿಸು. ನನ್ನಾಣೆ.

ಜೊನೆಲ್


ಫೆಬ್ರವರಿ 22
ಬೆಲ್ ಫೋರ್ಕ್

ಮಗಳೇ,

ಬೋರ್ಡು ನೆಟ್ಟರೆ ಹುಲ್ಲು ಹಾಳಾಗುತ್ತೆ. ಅಲ್ಲದೆ ಗ್ಯಾಂಡಿಯವರ ಎರಡು ಯಂತ್ರ ನನ್ನ ಶೆಡ್ಡಲ್ಲಿವೆ. ವ್ಯಾಪಾರ ಮಾಡೋನು ಯಾರ ಕಡೆಗೂ ಕೈ ಎತ್ತಬಾರದು.

ಆ ಟೀಚರ್ ಒಳ್ಳೆಯವರೇ ಇರಬಹುದು. ಅವರ ಕೆಲಸ ಅವರು ನೋಡ್ಕೊಳ್ತಾರೆ. ನೀನು ಹಡಗು ನೋಡ್ಕೋ.

ಡ್ಯಾಡಿ


ಮಾರ್ಚ್ 8
ಹಡಗಿನಿಂದ

ಡ್ಯಾಡಿ,

ನಿನ್ನ ಕಾಗದವೂ ಚರ್ಚಿನ ಸಿಸ್ಟರ್ ಯೂಲಾ ಕಾಗದವೂ ಒಂದೇ ಚೀಲದಲ್ಲಿ ಬಂದವು. ನಿಂದು ಆರು ಸಾಲು, ಅವರದ್ದು ಆರು ಪುಟ.

ಯೂಲಾ ಬರೀತಾರೆ: ಕಾಳುಕಡಿ ಅಂಗಡಿ ಮುಂದೆ ಮಿಸ್ ಟ್ರಾಮೆಲ್ ಎಲ್ಲರ ಕೈ ಕುಲುಕ್ತಿದ್ರಂತೆ, ನಿನ್ನನ್ನ ನೋಡಿ ಎರಡು ಹೆಜ್ಜೆ ಮುಂದೆ ಬಂದ್ರಂತೆ, ನೀನು ತಲೆ ತಗ್ಗಿಸಿಕೊಂಡು ರಸ್ತೆ ದಾಟಿ ಆ ಕಡೆ ಹೋದೆಯಂತೆ. ಎಲ್ಲರೂ ನೋಡಿದ್ರಂತೆ.

ಗ್ಯಾಂಡಿಯ ಎರಡು ಯಂತ್ರಕ್ಕೋಸ್ಕರ ಇಷ್ಟು ಹೆದರಿಕೆನಾ? ನಮ್ಮ ಬಣ್ಣದ ಹೆಂಗಸೊಬ್ಬಳು, ನಿನ್ನ ಮಗಳನ್ನ ಮನುಷ್ಯಳನ್ನಾಗಿ ಮಾಡಿದವಳು, ಕೈ ನೀಡಿದ್ರೆ ಕುಲುಕೋಕಾಗದಷ್ಟು? ಅಮ್ಮ ಇದ್ದಿದ್ರೆ ನಿನ್ನನ್ನ ಕಿವಿ ಹಿಡಿದು ಎಳಕೊಂಡು ಹೋಗ್ತಿದ್ದಳು. ಅಜ್ಜಿ ಈ ವೋಟಿಗೋಸ್ಕರ ಕೋರ್ಟಿನ ಮೆಟ್ಟಿಲು ಹತ್ತಿ ಎಷ್ಟು ಸಲ ಬೈಸಿಕೊಂಡಳು ಅಂತ ನೀನೇ ಹೇಳಿದ್ದು. ನಿಂಗೆ ಅದೆಲ್ಲ ಬರೀ ಕಥೆ. ವೋಟು ಅಂದ್ರೆ ನಿಂಗೆ ತಮಾಷೆ.

ನಂಗೆ ನಾಚಿಕೆ ಆಗುತ್ತೆ. ಬರೀಬಾರದು ಅಂತ ಒಂದು ದಿನ ಕಾದೆ. ಆದ್ರೂ ಬರೆದೆ.

ಜೊನೆಲ್


ಮಾರ್ಚ್ 10
ಬೆಲ್ ಫೋರ್ಕ್

ಮಗಳೇ,

ನಿನ್ನ ಟೀಚರ್ ಗೆದ್ದರು. ಒಂಬತ್ತು ವೋಟಲ್ಲಿ. ನಿನ್ನ ಅಂಚೆ ವೋಟೂ ಅದರಲ್ಲಿ ಸೇರಿದೆ ಅಂತ ಕ್ಲರ್ಕ್ ಹೇಳಿದ. ಮಳೆ ಹುಯ್ತಿತ್ತು, ಹದಿನಾಲ್ಕು ಜನರನ್ನ ಕರಕೊಂಡು ಹೋಗಿದ್ದೆ. ಯಾರು ಯಾರಿಗೆ ಹಾಕಿದ್ರೋ ನಾನು ಕೇಳಲಿಲ್ಲ.

ಸುದ್ದಿ ನಂಗಿಂತ ಮುಂಚೆ ಬೇರೆಯವರು ಹೇಳಬಾರದು ಅಂತ ಇವತ್ತೇ ಬರೆದೆ.

ಡ್ಯಾಡಿ


ಏಪ್ರಿಲ್ 2
ಬೆಲ್ ಫೋರ್ಕ್

ಜೊನೆಲ್,

ನಿನ್ನ ಮಾರ್ಚ್ 8ರ ಕಾಗದ ಬಂದು ಒಂದು ವಾರ ಆಯ್ತು. ಅದರ ಮುಂಚೆಯೇ ಇನ್ನೊಂದು ನಡೆದಿತ್ತು. ಎರಡಕ್ಕೂ ಸೇರಿ ಈಗ ಬರೀತೀನಿ. ಐದು ಸಲ ಬರೆದು ಹರಿದೆ. ಇದನ್ನ ಹರಿಯಲ್ಲ.

ಮಾರ್ಚ್ 19ರ ಶುಕ್ರವಾರ ಮಧ್ಯಾಹ್ನ ಮಿಸ್ ಟ್ರಾಮೆಲ್ ಶೆಡ್ಡಿಗೆ ಬಂದ್ರು. ನಾನು ಯಂತ್ರದ ಕೆಳಗೆ ಮಲಗಿದ್ದೆ, ಅವರ ಬೂಟು ಮಾತ್ರ ಕಂಡಿತು.

"ಮಿಸ್ಟರ್ ಪಿಕನ್ಸ್, ಈ ಸಲ ದಾಟೋಕೆ ರಸ್ತೆ ಇಲ್ಲ. ಎದ್ದು ಬನ್ನಿ" ಅಂದ್ರು.

ಎದ್ದು ಬಂದೆ. ಕೈಗೆ ಗ್ರೀಸು. ಅವರು ಕೂರಲಿಲ್ಲ.

"ನಾನು ಗೆದ್ದದ್ದು ಒಂಬತ್ತು ವೋಟಲ್ಲಿ. ಎರಡು ತಿಂಗಳು ಮತದಾರರ ಪಟ್ಟಿ ಹಿಡಕೊಂಡು ಓಡಾಡಿದೀನಿ, ಪೂರ್ತಿ ಬಾಯಿಪಾಠ. ಅದರಲ್ಲಿ ಜೊನೆಲ್ ಪಿಕನ್ಸ್ ಇದಾಳೆ. ಸತ್ತುಹೋದ ನಿಮ್ಮ ಹೆಂಡತಿ ಲವರ್ನ್ ಹೆಸರನ್ನೂ ಇನ್ನೂ ತೆಗೆದಿಲ್ಲ. ನೀವಿಲ್ಲ. ಯಾಕೆ ಅಂತ ಈ ಊರಲ್ಲಿ ಗೊತ್ತಿರೋಳು ನಾನೊಬ್ಬಳೇ ಅನ್ಸುತ್ತೆ."

ಮಗಳೇ, ನಾನು ಟೆಕ್ಸಾಸಿಗೆ ಹೋಗಿರಲಿಲ್ಲ. ನೀನು ಆರು ತಿಂಗಳ ಕೂಸಾಗಿದ್ದಾಗ ಡ್ಯಾಡಿ ಎಣ್ಣೆ ಪೈಪು ಹಾಕೋ ಕೆಲಸಕ್ಕೆ ಹೋದ ಅಂತ ನಾವು ಹೇಳಿದ್ದು ಸುಳ್ಳು. ನಾನು ರಾಜ್ಯದ ಜೈಲಲ್ಲಿದ್ದೆ, ಹದಿನಾಲ್ಕು ತಿಂಗಳು. ಆಗ ನಾವು ಇಲ್ಲಿಂದ ನಲವತ್ತು ಮೈಲಿ ಉತ್ತರಕ್ಕಿದ್ವಿ. ಮಿಲ್ಲು ಮುಚ್ಚಿ ನಂಗೆ ಕೆಲಸ ಹೋಗಿತ್ತು. ಒಬ್ಬ ರೈತನ ಜಮೀನಿನ ಅಂಚಲ್ಲಿ ಕರಿ ವಾಲ್‌ನಟ್ ಮರ ಇದ್ದವು. ಅವು ಸಿಕ್ಕರೆ ಮೇಜು ಮಾಡೋರು ಕಣ್ಣು ಮುಚ್ಚಿ ಕೊಳ್ತಾರೆ. ನಾಲ್ಕು ಮರ ಕಡಿದೆ. ಐದನೆಯದಕ್ಕೆ ಗರಗಸ ಇಟ್ಟಾಗ ಹಿಡಿದರು. ಯಾರೂ ನನ್ನನ್ನ ಕೆಡಿಸಲಿಲ್ಲ, ನಾನೇ ಮಾಡಿದ್ದು. ಜಮೀನು ಐಸಮ್ ಟ್ರಾಮೆಲ್ ಅನ್ನೋರದ್ದು. ನಿನ್ನ ಟೀಚರ್ ಅವರ ಮಗಳು.

ಅವರು ಈ ಊರಿಗೆ ಟೀಚರಾಗಿ ಬಂದಾಗ ನಾವಾಗಲೇ ಇಲ್ಲಿದ್ವಿ. ನಾನು ದೂರದಿಂದ ನೋಡಿದ ದಿನದಿಂದ ತಪ್ಪಿಸ್ಕೊಂಡು ತಿರುಗಿದೆ. ಆಮೇಲೆ ಪೋಷಕರ ಸಭೆಗೆ ಅಮ್ಮನನ್ನೇ ಕಳಿಸ್ತಿದ್ದದ್ದು ಅದಕ್ಕೇ.

ಕೆಲವು ಅಪರಾಧಕ್ಕೆ ನಮ್ಮ ರಾಜ್ಯದಲ್ಲಿ ಶಿಕ್ಷೆ ಮುಗಿದ್ರೂ ವೋಟು ವಾಪಸ್ ಬರಲ್ಲ, ಸಾಯೋತನಕ. ಕಳ್ಳತನ ಅದರಲ್ಲಿ ಒಂದು. ಜೈಲಿಗೆ ಹೋಗೋ ಮುಂಚೆ ವೋಟು ಅಂದ್ರೆ ಮುದುಕರ ಕೆಲಸ ಅಂತ ನಾನು ಹೆಸರೇ ಬರೆಸಿರಲಿಲ್ಲ. ನಂಗೀಗ ನಲವತ್ತಾರು. ಒಂದೇ ಒಂದು ವೋಟು ಹಾಕಿಲ್ಲ. ನಮ್ಮಮ್ಮ ಮೂರು ಸಲ ಕೋರ್ಟಿನ ಮೆಟ್ಟಿಲು ಹತ್ತಿ ಬೈಸಿಕೊಂಡು, ನಾಲ್ಕನೇ ಸಲ ಪಟ್ಟಿಗೆ ಹೆಸರು ಬರೆಸಿ ಗೆದ್ದು ಬಂದಳು. ಅವಳು ಗಳಿಸಿದ್ದನ್ನ ನಾನು ನಾಲ್ಕು ಮರಕ್ಕೆ ಕಳೆದೆ. ಬೆಳಿಗ್ಗೇನೇ ಆಯ್ತು ಅಂತ ನಿಂಗೆ ಹೇಳ್ತಿದ್ದಾಗೆಲ್ಲ ನಾನು ನಿನ್ನ ಮುಖ ನೋಡ್ತಿರಲಿಲ್ಲ. ನೀನು ಗಮನಿಸಿರಲಿಕ್ಕಿಲ್ಲ.

ಈಗ ಮಿಸ್ ಟ್ರಾಮೆಲ್ ಬಂದ ವಿಷಯ. ವೋಟು ವಾಪಸ್ ಬರಬೇಕಾದ್ರೆ ಕ್ಷೇತ್ರದ ಶಾಸಕರು ನಮ್ಮ ಹೆಸರಲ್ಲೇ ಒಂದು ಮಸೂದೆ ತರಬೇಕು. ಒಬ್ಬ ಮನುಷ್ಯನಿಗೆ ಒಂದು ಮಸೂದೆ. ಎರಡೂ ಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು, ಆಮೇಲೆ ಗವರ್ನರ್ ಬೇಡ ಅನ್ನಬಾರದು. ಮಸೂದೆಯಲ್ಲಿ ಹೆಸರು, ಊರು, ಮಾಡಿದ ಅಪರಾಧ ಎಲ್ಲ ಅಚ್ಚಾಗುತ್ತೆ, ಸಭೆಯಲ್ಲಿ ಗಟ್ಟಿಯಾಗಿ ಓದ್ತಾರೆ.

"ಅರ್ಜಿ ತಂದಿದೀನಿ. ಏಪ್ರಿಲ್ 19ರೊಳಗೆ ಸಹಿ ಬೇಕು" ಅಂದ್ರು.

"ನೀವ್ಯಾಕೆ ಮೇಡಂ ಇದನ್ನ ಮಾಡ್ತೀರಿ? ಎಲ್ಲ ಬಿಟ್ಟು ನೀವು?" ಅಂದೆ.

"ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ. ಆ ಮರ ನಮ್ಮ ತಾತ ನೆಟ್ಟಿದ್ದು. ಅವನ್ನ ಮಾರಿ ನನ್ನನ್ನ ಕಾಲೇಜಿಗೆ ಕಳಿಸಬೇಕು ಅಂತ ಅಪ್ಪ ಕಾಯ್ದಿದ್ದರು. ನಿಮ್ಮಿಂದ ನಾನು ಮೂರು ವರ್ಷ ತಡವಾಗಿ ಕಾಲೇಜಿಗೆ ಹೋದೆ. ಆ ಮೂರು ವರ್ಷ ಫ್ಯಾಕ್ಟರಿಯಲ್ಲಿ ಮೀನು ಕೊಯ್ದೆ. ಈಗಲೂ ಆ ವಾಸನೆ ಬಂದ್ರೆ ನಿಮ್ಮ ಹೆಸರು ನೆನಪಾಗುತ್ತೆ."

ಬಟ್ಟೆ ತಗೊಂಡು ಕೈಯ ಗ್ರೀಸು ಒರೆಸಿಕೊಂಡೆ.

"ಹದಿನಾಲ್ಕು ತಿಂಗಳು ಅಂತ ನ್ಯಾಯಾಧೀಶರು ಹೇಳಿದ್ರು. ಸಾಯೋತನಕ ಅಂತ ನಮ್ಮಪ್ಪ ಕೇಳಿರಲಿಲ್ಲ, ನಾನೂ ಕೇಳಿಲ್ಲ. ನನ್ನ ಮರದ ಹೆಸರಲ್ಲಿ ಅದನ್ನ ನಡೆಸ್ತಿರೋದು ನಂಗೆ ಇಷ್ಟ ಇಲ್ಲ. ಅಷ್ಟೇ" ಅಂದ್ರು. ಅರ್ಜಿಯನ್ನ ಮೇಜಿನ ಮೇಲಿನ ವೈಸ್ ಇಕ್ಕಳದ ಕೆಳಗೆ ಇಟ್ಟು ಬಾಗಿಲ ತನಕ ಹೋಗಿ ತಿರುಗಿದ್ರು. "ಹಾಜರಿಯಲ್ಲಿ ಪಿಕನ್ಸ್ ಅಂತ ಓದಿದ ಮೊದಲ ದಿನವೇ ನಂಗೆ ಗೊತ್ತಿತ್ತು. ನಿಮ್ಮ ಮಗಳ ಮೇಲೆ ತೀರಿಸ್ಕೊಳ್ಳಬಾರದು ಅಂತ ದಿನಾ ಮನಸ್ಸಿಗೆ ಹೇಳ್ಕೊಂಡು ಕ್ಲಾಸಿಗೆ ಹೋಗ್ತಿದ್ದೆ. ಅವಳು ಒಳ್ಳೆ ಹುಡುಗಿ ಆಗಿದ್ದರಿಂದ ಅದು ಇನ್ನೂ ಕಷ್ಟ ಆಯ್ತು."

ಸಹಿ ಹಾಕಿಲ್ಲ ಇನ್ನೂ. ಪಿಕನ್ಸ್ ಅನ್ನೋ ಹೆಸರು ನಿಂದೂ ಹೌದು. ಅದರ ಪಕ್ಕ ಕಳ್ಳತನ ಅಂತ ಅಚ್ಚಾದ್ರೆ ಎಲ್ಲರೂ ಓದ್ತಾರೆ, ಯೂಲಾ ಆರು ಪುಟ ಬರೀತಾರೆ. ನೀನು ಬೇಡ ಅಂದ್ರೆ ಬಿಟ್ಟುಬಿಡ್ತೀನಿ. 19ರೊಳಗೆ ನಿನ್ನ ಉತ್ತರ ಬಂದ್ರೆ ಒಳ್ಳೇದು.

ನಿಂಗೆ ನಾಚಿಕೆ ಆಗುತ್ತೆ ಅಂತ ಬರೆದಿದ್ದೆ. ಆಗ ನಿಂಗೆ ಅರ್ಧವೂ ಗೊತ್ತಿರಲಿಲ್ಲ.

ಡ್ಯಾಡಿ


ಏಪ್ರಿಲ್ 5
ಹಡಗಿನಿಂದ

ಡ್ಯಾಡಿ,

ಒಂಬತ್ತು ವೋಟು! ಅದರಲ್ಲಿ ನಂದೊಂದು! ಹಡಗಲ್ಲೆಲ್ಲ ಹೇಳ್ಕೊಂಡು ಬಂದೆ. ಓಹಿಯೋ ಹುಡುಗಿಗೆ ಎರಡು ಸಲ ಹೇಳಿದೆ.

ಖಾರದ ಕಾಗದಕ್ಕೆ ನಿನ್ನಿಂದ ಉತ್ತರ ಇಲ್ಲ. ಸಿಟ್ಟಾಗಿದೀಯ ಅಂದ್ಕೊಂಡಿದ್ದೆ. ಆದ್ರೆ ಯೂಲಾ ಕಾಗದ ನಿನ್ನೆ ಬಂತು, ನಂಗೆ ಎಲ್ಲ ಅರ್ಥ ಆಯ್ತು. ಶುಕ್ರವಾರ ಮಿಸ್ ಟ್ರಾಮೆಲ್ ಕಾರು ನಿನ್ನ ಶೆಡ್ಡಿನ ಮುಂದೆ ಮುಕ್ಕಾಲು ಗಂಟೆ ನಿಂತಿತ್ತಂತೆ! ಅವರು ಹೋದ ಮೇಲೆ ನೀನು ಕೆಲಸ ಬಿಟ್ಟು, ಬಾಗಿಲಲ್ಲಿ ಸುಮ್ನೆ ಕೂತಿದ್ದೆಯಂತೆ, ಯಾರು ಕೂಗಿದ್ರೂ ಕೇಳಿಸದ ಹಾಗೆ.

ಅಯ್ಯೋ ನನ್ನಪ್ಪಾ, ಅದಕ್ಕೇನಾ ರಸ್ತೆ ದಾಟಿ ಓಡಿಹೋಗ್ತಿದ್ದದ್ದು? ಹದಿನಾರರ ಹುಡುಗನ ಹಾಗೆ? ನಾನು ಏನೇನೋ ಬರೆದುಬಿಟ್ಟೆ. ಅಮ್ಮ ಹೋಗಿ ಆರು ವರ್ಷ ಆಯ್ತು. ನಂಗೆ ಬೇಜಾರಿಲ್ಲ, ನಿಜವಾಗ್ಲೂ. ಒಂದೇ ಮಾತು, ಅವರ ಮುಂದೆ ಗ್ರೀಸು ಕೈಯಲ್ಲಿ ನಿಲ್ಲಬೇಡ, ಅವರಿಗೆ ಕೊಳಕು ಅಂದ್ರೆ ಆಗಲ್ಲ.

ನಗ್ತಾ ಇದೀನಿ,
ಜೊನೆಲ್


ಏಪ್ರಿಲ್ 20
ಬೆಲ್ ಫೋರ್ಕ್

ಮಗಳೇ,

ಶನಿವಾರ ನಿನ್ನ ಲಕೋಟೆ ಬಂತು. ತೆಗೆಯೋಕೆ ಸ್ಕ್ರೂಡ್ರೈವರ್ ಬೇಕಾಯ್ತು. ಓದಿ ಮೊದಲು ನಗು ಬಂತು. ಹತ್ತು ವರ್ಷದಿಂದ ನಕ್ಕಿರಲಿಲ್ಲ ಹಾಗೆ. ಆಮೇಲೆ ದಿನಾಂಕ ನೋಡಿದೆ. ನನ್ನ ಕಾಗದ ನಿಂಗೆ ಸಿಗೋ ಮುಂಚೆ ಬರೆದದ್ದು. ಹಾಗಾದ್ರೆ ನೀನು ಇನ್ನೂ ನಗ್ತಾನೇ ಇದೀಯ, ನನ್ನ ಕಾಗದ ಎಲ್ಲೋ ಸಮುದ್ರದ ಮೇಲೆ ನಿನ್ನ ಕಡೆ ಬರ್ತಾ ಇದೆ ಅಂತ ಯೋಚನೆ ಬಂತು. ವಾಪಸ್ ತರಿಸೋಕಾಗುತ್ತಾ ಅಂತ ಅಂಚೆ ಕಚೇರಿಗೆ ಹೋಗಿ ಕೇಳಿದೆ. ಆಗಲ್ಲ ಅಂದ್ರು.

ಭಾನುವಾರ ಕಾಯ್ದೆ. ಸೋಮವಾರ ಮಧ್ಯಾಹ್ನದ ಅಂಚೆಯವರೆಗೂ ಕಾಯ್ದೆ. ಬರಲಿಲ್ಲ. ಆಗ ಒಂದು ಹೊಳೀತು. ನಿನ್ನ ಒಪ್ಪಿಗೆ ಕೇಳಿದ್ದೇ ತಪ್ಪು. ಇಪ್ಪತ್ನಾಲ್ಕು ವರ್ಷ ಸುಳ್ಳು ಹೇಳಿ, ಕೊನೆಗೆ ನಿಜ ಹೇಳೋ ಭಾರವನ್ನೂ ನಿನ್ನ ತಲೆ ಮೇಲೆ ಹಾಕಿದೆ. ನೀನು ಬೇಡ ಅಂದ್ರೆ ಸಾಕಪ್ಪಾ ಅಂತ ಒಳಗೊಳಗೇ ಆಸೆ ಇತ್ತು ಅನ್ಸುತ್ತೆ.

ಮೂರು ಗಂಟೆಗೆ ಸಹಿ ಹಾಕಿ, ನಾನೇ ತಗೊಂಡು ಹೋಗಿ ಅವರ ಕೈಗೆ ಕೊಟ್ಟೆ. ರಸ್ತೆ ದಾಟಿದೆ, ಈ ಸಲ ಅವರ ಕಡೆಗೆ. ಕಾರಿನ ಬಾನೆಟ್ ಮೇಲಿಟ್ಟು ಓದಿ "ಅಕ್ಷರ ಸುಮಾರಾಗಿದೆ" ಅಂದ್ರು.

ಬೈಯ್ಯೋದಿದ್ರೆ ಬೈದು ಬರಿ. ಸುಮ್ಮನಿರಬೇಡ.

ಡ್ಯಾಡಿ


ಏಪ್ರಿಲ್ 21
ಹಡಗಿನಿಂದ

ಡ್ಯಾಡಿ,

ಬಂತು. ನಿನ್ನೆ ಓದಿದೆ, ಇವತ್ತು ಮತ್ತೆ ಓದಿದೆ.

ಮರದ ಬಗ್ಗೆ ನಂಗೆ ಅಷ್ಟು ಸಿಟ್ಟಿಲ್ಲ, ವಿಚಿತ್ರ. ಇಪ್ಪತ್ತೆರಡು ವರ್ಷ, ಕೆಲಸ ಇಲ್ಲ, ಮನೇಲಿ ಕೂಸು. ಸಿಟ್ಟು ಟೆಕ್ಸಾಸ್ ಬಗ್ಗೆ. ಮೂರನೇ ಕ್ಲಾಸಲ್ಲಿ ನಾನು ಟೆಕ್ಸಾಸ್ ನಕಾಶೆ ಬರೆದು, ನಮ್ಮಪ್ಪ ಪೈಪು ಹಾಕಿದ್ದು ಇಲ್ಲಿ ಅಂತ ಕೆಂಪು ಗೆರೆ ಎಳೆದು ಎಲ್ಲರ ಮುಂದೆ ಭಾಷಣ ಮಾಡಿದ್ದೆ. ನೀನು ಕೊನೇ ಬೆಂಚಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಈ ಹಡಗು ಹತ್ತೋವಾಗ ಭಯ ಆಗಿತ್ತು, ಆಗ ನಾನು ಹೇಳ್ಕೊಂಡಿದ್ದು ಒಂದೇ: ನಮ್ಮಪ್ಪನೂ ದೂರ ಹೋಗಿ ದುಡಿದು ವಾಪಸ್ ಬಂದಿದ್ದ. ಆ ಗೆರೆಯನ್ನ ಈಗ ಎಲ್ಲಿ ಎಳೀಲಿ?

ಮಿಸ್ ಟ್ರಾಮೆಲ್ ನಂಗೆ ಕಾಲೇಜಿಗೆ ಶಿಫಾರಸು ಪತ್ರ ಬರೆದುಕೊಟ್ಟಿದ್ರು. ನಾನು ಹಡಗಿಗೆ ಹೋಗ್ತೀನಿ ಅಂದಾಗ ಬೇಜಾರು ಮಾಡ್ಕೊಂಡು ಒಂದು ವಾರ ಮಾತು ಬಿಟ್ಟಿದ್ರು. ಅದು ಯಾಕೆ ಅಂತ ಈಗ ಗೊತ್ತಾಗ್ತಿದೆ.

ನಾಚಿಕೆ ಅಂತ ಬರೆದದ್ದನ್ನ ವಾಪಸ್ ತಗೋಬೇಕು. ತಗೊಳ್ಳೋಣ ಅಂದ್ರೆ ಸಿಟ್ಟು ಅಡ್ಡ ಬರುತ್ತೆ. ಸಿಟ್ಟು ಮಾಡೋಣ ಅಂದ್ರೆ ನೀನು ಮಳೆಯಲ್ಲಿ ಹದಿನಾಲ್ಕು ಜನರನ್ನ ಒಳಗೆ ಕಳಿಸಿ ಟ್ರಕ್ಕಲ್ಲಿ ಒಬ್ಬನೇ ಕೂತಿದ್ದು ಕಣ್ಣಿಗೆ ಬರುತ್ತೆ.

ಸಹಿ ಹಾಕು. 19 ಆಗಲೇ ದಾಟಿತು, ನಂಗೊತ್ತು. ಹಾಕಿದೀಯ ಅಂತ ನಂಬ್ತೀನಿ. ಹಾಕದಿದ್ರೆ ನಂಗೆ ಬರೀಬೇಡ.

ಜೊನೆಲ್


ಮೇ 12
ಬೆಲ್ ಫೋರ್ಕ್

ಮಗಳೇ,

ಹಾಕಿದೀನಿ, ಅದಕ್ಕೇ ಬರೀತಿದೀನಿ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡ್ತೀನಿ. ಆಗಲಿಲ್ಲ.

ಕೆಳಮನೆಯಲ್ಲಿ ಮಸೂದೆ ಬಂದ ದಿನ ನಾನು ರಾಜಧಾನಿ ಜ್ಯಾಕ್ಸನ್ನಿಗೆ ಹೋಗಿದ್ದೆ. ಅಮ್ಮನ ಸಾವಿಗೆ ಹಾಕಿದ್ದ ಸೂಟು ಹಾಕ್ಕೊಂಡು ಮೇಲೆ ಜನ ಕೂರೋ ಕಡೆ ಕೂತೆ. ಹೊಸಿಯಾ ಲೆಮ್ಯುಯಲ್ ಪಿಕನ್ಸ್, ಬೆಲ್ ಫೋರ್ಕ್, ಕಳ್ಳತನ ಅಂತ ಓದಿದರು. ನನ್ನ ಪೂರ್ತಿ ಹೆಸರನ್ನ ಅಷ್ಟು ಗಟ್ಟಿಯಾಗಿ ಯಾರಾದ್ರೂ ಕರೆದು ಇಪ್ಪತ್ನಾಲ್ಕು ವರ್ಷ ಆಗಿತ್ತು. ಒಬ್ಬ ಶಾಸಕರು ಎದ್ದು, "ಈ ಮನುಷ್ಯನ ನಡತೆ ಬಗ್ಗೆ ನಿಮಗೆ ಸ್ವಂತ ತಿಳುವಳಿಕೆ ಇದೆಯಾ?" ಅಂದ್ರು.

ಮಿಸ್ ಟ್ರಾಮೆಲ್ ಎದ್ದು, "ಇದೆ. ಕದ್ದದ್ದು ನಮ್ಮಪ್ಪನ ಮರ" ಅಂದ್ರು. ಕೇಳಿದವರು ಕೂತುಕೊಂಡರು. ಬೇಕಾದ್ದಕ್ಕಿಂತ ಹೆಚ್ಚೇ ವೋಟು ಬಿದ್ದವು.

ಮೇಲ್ಮನೆಯಲ್ಲಿ ಇಂಥ ಹೆಸರುಗಳ ಪಟ್ಟಿಯನ್ನ ಕೊನೇ ದಿನಕ್ಕೆ ಇಟ್ಟಿದ್ದರು. ಆ ದಿನ ಬೇರೆ ಯಾವುದೋ ವಿಷಯಕ್ಕೆ ಜಗಳ ಆಗಿ, ಪಟ್ಟಿ ಕೈಗೆತ್ತಿಕೊಳ್ಳದೆ ಎದ್ದುಹೋದರು. ಯಾರೂ ಬೇಡ ಅನ್ನಲಿಲ್ಲ, ಯಾರೂ ಬೇಕು ಅನ್ನಲಿಲ್ಲ. ಅಲ್ಲಿಗೆ ಸತ್ತಿತು. ಮುಂದಿನ ಜನವರಿಗೆ ಮೊದಲಿಂದ. ಮಿಸ್ ಟ್ರಾಮೆಲ್ ಫೋನ್ ಮಾಡಿ "ಹೊಸ ಅರ್ಜಿ ಕಳಿಸ್ತೀನಿ, ಈ ಸಲ ಅಕ್ಷರ ಚೆನ್ನಾಗಿರಲಿ" ಅಂದ್ರು. ದನಿ ಮಾತ್ರ ಸರಿ ಇರಲಿಲ್ಲ.

ವೋಟು ಬರಲಿಲ್ಲ, ಹೆಸರು ಪೇಪರಲ್ಲಿ ಬಂತು. ಗ್ಯಾಂಡಿಯವರು ಹೋಟೆಲಲ್ಲಿ ಕೂತು, ಕಳ್ಳರ ವೋಟು ಸೇರಿಸ್ಕೊಂಡು ಮುಂದಿನ ಸಲ ಗೆಲ್ಲೋ ಉಪಾಯ ಇದು ಅಂದ್ರಂತೆ. ಯಂತ್ರ ಎರಡನ್ನೂ ವಾಪಸ್ ಒಯ್ದರು. ಚರ್ಚಲ್ಲಿ ಯೂಲಾ ನನ್ನ ಪಕ್ಕ ಕೂತು ಏನೂ ಕೇಳಲಿಲ್ಲ. ಅದೇ ಹೆಚ್ಚು ಕಷ್ಟ ಆಯ್ತು. ಒಂದು ವಾರ ಶೆಡ್ಡಿಗೆ ಯಾರೂ ಬರಲಿಲ್ಲ. ಇದನ್ನ ಯಾಕಾದ್ರೂ ಮಾಡಿದೆನೋ ಅಂತ ಒಳಗೂ ಹೊರಗೂ ತಿರುಗ್ತಿದ್ದೆ.

ಕಳೆದ ಗುರುವಾರ ಟೈರು ಅಂಗಡಿ ಕ್ಲೀವನ್ ಬಂದ. ಟೈರಿನ ಮಾತು ಆಡಿದ, ಮಳೆ ಮಾತು ಆಡಿದ, ಹೋಗಲಿಲ್ಲ. ಕೊನೆಗೆ "ನಂಗೂ ವೋಟಿಲ್ಲ ಕಣೋ ಹೊಸಿಯಾ. ಹನ್ನೆರಡು ವರ್ಷ ಆಯ್ತು. ಆ ಅರ್ಜಿ ಹೇಗಿರುತ್ತೆ?" ಅಂದ. ಶನಿವಾರ ಇನ್ನಿಬ್ಬರು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲದೆ ಬಂದು, ನನ್ನ ಬಾಗಿಲಲ್ಲಿ ಮುಖಾಮುಖಿ ಆಗಿ ಇಬ್ಬರೂ ಬೋಲ್ಟ್ ಬಿಚ್ಚೋ ಸಾಕೆಟ್ ಬೇಕಿತ್ತು ಅಂತ ನೆಪ ಹೇಳಿದ್ರು.

ಈವತ್ತು ಬೆಳಿಗ್ಗೆ ಬಂದಿದ್ದು ನಮ್ಮ ಚರ್ಚಿನ ಹಿರಿಯ, ಡೀಕನ್ ಥ್ರೆಡ್‌ಗಿಲ್. ಪ್ರತಿ ಚುನಾವಣೆ ಹಿಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿಂತು, "ವೋಟು ಹಾಕದವರು ನನ್ನ ಕಣ್ಣಿಗೆ ಬೀಳಬೇಡಿ" ಅಂತ ಗುಡುಗ್ತಾರಲ್ಲ, ಅವರೇ. ಎಪ್ಪತ್ತೊಂದು ವರ್ಷ. ಟೋಪಿ ತೆಗೆದು ಕೈಯಲ್ಲಿ ಹಿಡಕೊಂಡು ನಿಂತ್ರು.

"ಮೂವತ್ತೆಂಟು ವರ್ಷ ಆಯ್ತು ಹೊಸಿಯಾ" ಅಂದ್ರು.

ಕೂರಿಸಿ ನೀರು ಕೊಟ್ಟೆ. ಅರ್ಜಿ ತೋರಿಸಿದೆ. ಕನ್ನಡಕ ಹಾಕ್ಕೊಂಡು ನಿಧಾನ ಓದಿದ್ರು. ಪೆನ್ನು ಕೊಡೋಕೆ ಹೋದೆ, ಬೇಡ ಅಂತ ಕೈ ಆಡಿಸಿದ್ರು.

"ಕೊರೀನ್‌ಗೆ ಗೊತ್ತಿಲ್ಲ ಕಣಯ್ಯಾ. ಮದುವೆ ಆಗಿ ಮೂವತ್ತೈದು ವರ್ಷ. ಪೇಪರಲ್ಲಿ ಓದೋ ಮುಂಚೆ ನನ್ನ ಬಾಯಿಂದ ಕೇಳಬೇಕು ಅವಳು. ನಿನ್ನೆಯಿಂದ ಮೂರು ಸಲ ಬಾಯಿ ತೆಗೆದೆ, ಆಗಲಿಲ್ಲ. ನೀನು ಒಂದು ಸಲ ಹೇಳಿದೋನು. ಜೊತೆಗೆ ಬರ್ತೀಯಾ?"

ನಾನೂ ಬಾಯಿಂದ ಹೇಳಿಲ್ಲ, ಕಾಗದದಲ್ಲಿ ಬರೆದೆ, ಮಗಳು ಐದು ಸಾವಿರ ಮೈಲಿ ದೂರ ಇದ್ದಳು, ನಂಗೆ ಅಷ್ಟೇ ಧೈರ್ಯ ಇದ್ದಿದ್ದು ಅಂತ ಹೇಳಿದೆ. ಅದೂ ಆಗಬಹುದು, ಬಾ ಅಂದ್ರು.

ಕೊರೀನ್ ಮನೇಲಿದಾರಂತೆ, ಅವರೆಕಾಳು ಬಿಡಿಸ್ತಾ ಕೂತಿದಾರಂತೆ. ಡೀಕನ್ ಆಗಲೇ ನನ್ನ ಟ್ರಕ್ಕು ಹತ್ತಿ ಕೂತು, ಮುಂದಿನ ಗಾಜನ್ನೇ ನೋಡ್ತಿದಾರೆ. ಕೈ ತೊಳಕೊಂಡೆ. ಮಿಕ್ಕಿದ್ದು ಬಂದು ಬರೀತೀನಿ, ಅವರು ಇಳಿದು ಓಡಿಹೋಗೋ ಮುಂಚೆ ಹೊರಡಬೇಕು.

ಡ್ಯಾಡಿ